ಬಂಗಾರದ ಟೊಪ್ಪಿಗೆಯ ಚಳಿಗಾಲ

ಹೋದ ಶನಿವಾರ ಸಂಜೆ ಮಗಳು ತಾರಾಳ ಗೆಳತಿಯ ಬರ್ತ್‌ಡೇ ಪಾರ್ಟಿ ಒಂದು ಐಸ್ ರಿಂಕಿನಲ್ಲಿತ್ತು, ಮಂಜುಗಡ್ಡೆಯ ಮೇಲೆ ಜಾರಿ ಆಡುವ ಜಾಗ. ಬಾಗಿಲು ತಳ್ಳಿದೊಡನೆ ವಾಸನೆ ಮೂಗಿಗೆ ಬಡಿಯಿತು. ಫ್ರೀಜರಿನ ತಣ್ಣನೆ ಗಾಳಿ, ನೆಲಕ್ಕೆ ಹಾಸಿದ ರಬ್ಬರು, ಎಲ್ಲಕ್ಕಿಂತ ಮೇಲೆ ಬೆವರಿನಲ್ಲಿ ನೆಂದು ಒಣಗದ ಕೈಗವಸುಗಳ ಕಮಟು. ಬೇರೆ ಅಮ್ಮಂದಿರು ಮೂಗು ಹಿಡಿದುಕೊಂಡು ನಕ್ಕರು. ನಾನು ಮಾತ್ರ ಕೈಯಲ್ಲಿ ಗಿಫ್ಟಿನ ಚೀಲ ಹಿಡಿದು ದಾರಿಗೆ ಅಡ್ಡ ನಿಂತುಬಿಟ್ಟೆ. ಎರಡು ವರ್ಷದ ಹಿಂದೆ ಒಂದಿಡೀ ಚಳಿಗಾಲ ದಿನಕ್ಕೆ ಐದಾರು ಗಂಟೆ ಐಸ್ ಹಾಕಿ ಆಟ ನೋಡಿದವಳು ನಾನು. ನೋಡಿದ್ದೆಲ್ಲ ಲ್ಯಾಪ್‌ಟಾಪಿನಲ್ಲಿ. ಆ ಆಟಕ್ಕೊಂದು ವಾಸನೆ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ವಾಸನೆ ಗೊತ್ತಿಲ್ಲದ ಆಟ, ಮುಖ ಕಾಣದ ಹುಡುಗರು, ಅವರ ಬಗ್ಗೆ ವರದಿ ಬರೆಯುವುದು ನನ್ನ ಕೆಲಸವಾಗಿತ್ತು. ಈಗಲೂ ಅದೇ ಕೆಲಸ.

ಈ ಕೆಲಸಕ್ಕೆ ಬಂದದ್ದೇನೂ ಆಸೆಪಟ್ಟಲ್ಲ. ಇಲ್ಲಿ ಅಮೆರಿಕೆಯ ರೆಡ್‌ವುಡ್ ಸಿಟಿಯ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹನ್ನೊಂದು ವರ್ಷ ಇದ್ದೆ. ಒಂದು ಬೆಳಗ್ಗೆ ಹದಿನೈದು ನಿಮಿಷದ ಮೀಟಿಂಗಿನಲ್ಲಿ ನಮ್ಮ ಟೀಮಿಗೆ ಟೀಮನ್ನೇ ಮನೆಗೆ ಕಳಿಸಿದರು. ಆಮೇಲೆ ಎಂಟು ತಿಂಗಳು ಅರ್ಜಿ ಹಾಕಿದ್ದೇ ಹಾಕಿದ್ದು. ಗಂಡ ಮಧು ಆಫೀಸಿನಿಂದ ಬಂದಾಗ ನಾನು ಬೆಳಗ್ಗೆ ಕೂತ ಕುರ್ಚಿಯಲ್ಲೇ, ಬೆಳಗ್ಗೆ ಹಾಕಿದ ಬಟ್ಟೆಯಲ್ಲೇ ಇರುತ್ತಿದ್ದೆ. ಕೊನೆಗೆ ಅದೇ ರೆಡ್‌ವುಡ್ ಸಿಟಿಯಲ್ಲಿ, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿದ್ದ ಹನ್ನೆರಡು ಜನರ ಸಣ್ಣ ಕಂಪನಿಯೊಂದು ಕರೆಯಿತು. ಐಸ್ ಹಾಕಿ ಕ್ಲಬ್ಬುಗಳಿಗಾಗಿ ಆಟದ ವಿಡಿಯೊ ನೋಡಿ ವರದಿ ಮಾಡಿಕೊಡುವ ಕಂಪನಿ. ಮೊದಲ ಸೀಸನ್ನು ಕಾಂಟ್ರಾಕ್ಟು, ಸರಿ ಅನ್ನಿಸಿದರೆ ವಸಂತದಲ್ಲಿ ಖಾಯಂ. ಹಾಕಿ ಗೊತ್ತೇ ಎಂದು ಬಾಸ್ ಡಗ್ ಕೇಳಿದಾಗ, ನಮ್ಮವ್ವ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಹುಡುಗಿಯರಿಗೆ ಹಾಕಿ ಕಲಿಸಿದವಳು ಎಂದೆ. ಅದು ಬಯಲಿನ ಹಾಕಿ, ಇದು ಮಂಜುಗಡ್ಡೆಯದು ಎಂಬುದನ್ನು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಡಗ್ ಒಂದು ಕಾಲದಲ್ಲಿ ಸಣ್ಣ ಲೀಗುಗಳಲ್ಲಿ ಆಡಿದವನು. ಎರಡೂ ಮೊಣಕಾಲು ಆಪರೇಷನ್ ಆಗಿ, ಮೆಟ್ಟಿಲು ಹತ್ತುವಾಗಲೆಲ್ಲ ಯಾರನ್ನೋ ಬೈದುಕೊಳ್ಳುತ್ತಿದ್ದ. ಮೊದಲ ವಾರವೇ ಅವನು ಕೆಲಸದ ಮರ್ಮ ಹೇಳಿಕೊಟ್ಟ. ಇಲ್ಲಿಯ ದೊಡ್ಡ ಕ್ಲಬ್ಬುಗಳು ಸ್ವೀಡನ್ನಿನ ಹುಡುಗರನ್ನು ಹದಿನೆಂಟಕ್ಕೇ ಗುರುತು ಹಾಕಿ ಇಟ್ಟುಕೊಳ್ಳುತ್ತವೆ. ಆದರೆ ಕೂಡಲೇ ಕರೆಸಿಕೊಳ್ಳುವುದಿಲ್ಲ. ಎರಡು ಮೂರು ವರ್ಷ ಅಲ್ಲಿಯ ಲೀಗುಗಳಲ್ಲೇ ಮಾಗಲು ಬಿಡುತ್ತವೆ. ಅಲ್ಲಿ ಹುಡುಗರು ಆಡುವುದು ಮೂವತ್ತು ದಾಟಿದ, ಮನೆ ಮಕ್ಕಳಿರುವ ಗಂಡಸರ ಜೊತೆ. ಮೇಲಿನ ಲೀಗಿನ ಬೆಂಚಿನಲ್ಲಿ ಕೂತು ನಾಲ್ಕು ನಿಮಿಷ ಆಡುವುದಕ್ಕಿಂತ ಕೆಳಗಿನ ಲೀಗಿನಲ್ಲಿ ಹದಿನೆಂಟು ನಿಮಿಷ ಆಡಲಿ ಎಂದು, ಉತ್ತರದ ಯಾವುದೋ ಸಣ್ಣ ಊರಿನ ತಂಡಕ್ಕೆ ಅವರನ್ನು ಎರವಲು ಕೊಡುತ್ತಾರೆ. ಅಲ್ಲಿಯ ಕೋಚುಗಳು ತಪ್ಪು ಮಾಡಿದವನನ್ನು ಮರುಗಳಿಗೆ ಮತ್ತೆ ಕಣಕ್ಕೆ ಇಳಿಸುತ್ತಾರಂತೆ. ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟಿ ಮೂಲೆಯಲ್ಲಿ ಇಡುತ್ತೇವಲ್ಲ, ಹಾಗೆ. ಆಗಾಗ ಬಟ್ಟೆ ಬಿಚ್ಚಿ ನೋಡಿ ಹೇಳುವುದು ನಮ್ಮ ಪಾಲಿನ ಕೆಲಸ.

‘ಗೋಲು ಎಣಿಸಲು ನೀನು ಬೇಡ, ಅದು ಪೇಪರಿನಲ್ಲೇ ಬರುತ್ತದೆ’ ಎಂದಿದ್ದ ಡಗ್. ‘ಪಕ್ ಕಳೆದುಕೊಂಡ ಮೇಲೆ ಹುಡುಗ ಏನು ಮಾಡುತ್ತಾನೆ ನೋಡು. ಅಷ್ಟನ್ನೇ ಬರೆ.’ ಪಕ್ ಎಂದರೆ ಚೆಂಡಿನ ಬದಲು ಇರುವ ರಬ್ಬರಿನ ಕರಿ ಬಿಲ್ಲೆ.

ನನ್ನ ಪಾಲಿಗೆ ನಾಲ್ಕು ಹುಡುಗರು ಬಂದರು. ಅವರಲ್ಲಿ ಎಮಿಲ್ ಎಂಬ ಇಪ್ಪತ್ತರ ಹುಡುಗನ ವಿಷಯ ಮಾತ್ರ ಅವಸರದ್ದು. ಅವನ ಮೇಲೆ ಹಕ್ಕು ಹಾಕಿಟ್ಟಿದ್ದ ಪೂರ್ವ ತೀರದ ಕ್ಲಬ್ಬಿಗೆ ಅದು ಕೊನೆಯ ವರ್ಷ. ಬೇಸಿಗೆಯೊಳಗೆ ಒಪ್ಪಂದ ಮಾಡಿಕೊಂಡು ಅಮೆರಿಕೆಗೆ ಕರೆಸಿಕೊಳ್ಳಬೇಕು, ಇಲ್ಲವೇ ಕೈಬಿಡಬೇಕು. ಶರತ್ಕಾಲದಲ್ಲಿ, ಆಟಗಾರರನ್ನು ಹುಡುಕುವ ಅವರ ಸ್ಕೌಟ್ ಒಬ್ಬ ಖುದ್ದು ಹೋಗಿ ನೋಡಿ ಮೆಚ್ಚಿಕೊಂಡು ಬಂದಿದ್ದ. ಚಳಿಗಾಲದಲ್ಲಿ ಅಷ್ಟು ದೂರದ ಊರಿಗೆ ಯಾರು ಹೋಗುತ್ತಾರೆ? ಆ ನಾಲ್ಕು ತಿಂಗಳಿಗೆ ಅವರ ಕಣ್ಣು ಎಂದರೆ ನಾನು.

ನಾವಿರುವುದು ವಾಲ್ನಟ್ ಕ್ರೀಕಿನಲ್ಲಿ. ಮಂಗಳವಾರ ಮಾತ್ರ ಬಾರ್ಟ್ ಟ್ರೇನು ಹಿಡಿದು ಮಿಲ್‌ಬ್ರೇ, ಅಲ್ಲಿಂದ ಇನ್ನೊಂದು ಟ್ರೇನು, ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಮಿಕ್ಕ ದಿನ ಮನೆಯಿಂದಲೇ. ಸ್ವೀಡನ್ನಿನಲ್ಲಿ ಸಂಜೆ ಏಳಕ್ಕೆ ಶುರುವಾಗುವ ಆಟ ನಮಗೆ ಬೆಳಗಿನ ಹತ್ತಕ್ಕೆ. ತಾರಾಳನ್ನು ಸ್ಕೂಲಿಗೆ ಬಿಟ್ಟು, ಪಾತ್ರೆ ತೊಳೆದು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದರೆ ಅಲ್ಲಿ ಕತ್ತಲೂ ಹಿಮವೂ ಆಗಲೇ ಶುರುವಾಗಿರುತ್ತಿದ್ದವು.

ಆ ಅಕ್ಟೋಬರಿನಲ್ಲಿ ಅವ್ವ ಬಂದಳು, ಆರು ತಿಂಗಳಿಗೆಂದು. ಊರಲ್ಲಿ ತಮ್ಮನ ಮನೆ ತುಂಬ ಜನ. ಸಂಜೆ ಮೈದಾನದಲ್ಲಿ ಹಳೆಯ ವಿದ್ಯಾರ್ಥಿನಿಯರು ‘ಪೀಟಿ ಅಕ್ಕೋರ’ ಎಂದು ಸುತ್ತುಗಟ್ಟುತ್ತಾರೆ. ಅಂಥವಳನ್ನು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೂರಿಸಿದರೆ ಎಷ್ಟು ಹೊತ್ತು ಕೂತಾಳು? ಎರಡನೇ ದಿನವೇ ಮೆಂತ್ಯದ ಸೊಪ್ಪಿನ ಕಟ್ಟು ತಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಸೊಪ್ಪು ಬಿಡಿಸುತ್ತ ಆಟ ನೋಡತೊಡಗಿದಳು. ಐದು ನಿಮಿಷ ನೋಡಿರಬೇಕು, ಸೊಪ್ಪು ಕೆಳಗಿಟ್ಟಳು.

“ಇವರಿಗೆ ಹಾಕಿ ಕಲಿಸಿದಾಂವ ಯಾಂವ? ಎಲ್ಲಾರೂ ಕೈ ಉಲ್ಟಾ ಹಿಡದಾರಲ್ಲ!”

“ಅವ್ವಾ, ಇದು ಐಸ್ ಹಾಕಿ. ಇಲ್ಲೆ ಹೆಂಗ ಬೇಕಾದ್ರೂ ಹಿಡೀಬಹುದು.”

“ಹೆಂಗ ಬೇಕಾದ್ರ ಹಂಗ ಹಿಡಿಯಾಕ ಇದೇನ್ ಕಸಬರಗಿ ಏನು? ಎಡಗೈ ಮ್ಯಾಲೆ, ಬಲಗೈ ಕೆಳಗ. ಮೂವತ್ತು ವರ್ಷ ಹಂಗ ಕಲಿಸೇನಿ.”

ಅವಳು ಹೇಳಿದ್ದು ಅವಳ ಆಟಕ್ಕೆ ಸರಿಯೇ. ನಮ್ಮ ಹಾಕಿ ಸ್ಟಿಕ್ಕಿನ ಒಂದು ಮೈ ಮಾತ್ರ ಚಪ್ಪಟೆ, ಎಡಚರಿಗೆಂದು ಬೇರೆ ಸ್ಟಿಕ್ಕೇ ಇಲ್ಲ. ಇಲ್ಲಿ ಹಾಗಲ್ಲ, ಎರಡೂ ಬಗೆ ಉಂಟು. ಸ್ವೀಡನ್ನಿನಲ್ಲಂತೂ ಹೆಚ್ಚಿನವರು ಅವ್ವನ ಪ್ರಕಾರ ಉಲ್ಟಾ ಹಿಡಿಯುವವರೇ. ಆ ಗುಂಪಿನಲ್ಲಿ ಒಬ್ಬನ ಮೇಲೆ ಅವಳ ಬೆರಳು ನಿಂತಿತು.

“ಹಾಂ, ಇಂವನ ನೋಡು. ಇವನೊಬ್ಬಾಂವ ಸರೀ ಹಿಡದಾನ. ಯಾರ ಮಗಾ ಇಂವ?”

ಅವನೇ ಎಮಿಲ್. ಅವತ್ತಿನಿಂದ ಅವ್ವನ ಬಾಯಲ್ಲಿ ಅವನು ‘ನಮ್ಮಾಂವ’ ಆದ. ಹತ್ತು ಗಂಟೆಗೆ ಸರಿಯಾಗಿ ಚಹಾದ ಕಪ್ಪು ಹಿಡಿದು ಬಂದು, “ನಮ್ಮಾಂವ ಬಂದ್ನೇನು?” ಎಂದು ಕೇಳುತ್ತಿದ್ದಳು. ಹಿಮದ ಊರಿನ ಆ ಹುಡುಗನಿಗೆ, ಹತ್ತಿರದ ಬೀದಿಯಲ್ಲಿ ಆಡುವ ಮೊಮ್ಮಗನೋ ಎಂಬಂತೆ ಬೈಗುಳವೂ ಸಿಗುತ್ತಿತ್ತು, ಶಹಬ್ಬಾಸ್‌ಗಿರಿಯೂ ಸಿಗುತ್ತಿತ್ತು. ಪಕ್ ಕಳೆದುಕೊಂಡ ಮರುಕ್ಷಣವೇ ಅವನು ತಿರುಗಿ ಓಡಿ ಬರುವುದು ಅವಳಿಗೆ ಬಹಳ ಹಿಡಿಸಿತ್ತು.

“ತಾಲೂಕ ಟೀಮಿಗೆ ಹುಡುಗ್ಯಾರನ್ನ ಆರಿಸುವಾಗ ನಾ ಇದನ್ನ ನೋಡ್ತಿದ್ದೆ. ಚೆಂಡ ಹೋದ ಮ್ಯಾಲೆ ಸೊಂಟದ ಮ್ಯಾಲೆ ಕೈ ಇಟ್ಟು ನಿಂತಾಕಿನ್ನ ಎಷ್ಟು ಗೋಲ್ ಹೊಡದ್ರೂ ತಗೊಂತಿದ್ದಿಲ್ಲ.”

ಇದನ್ನು ಡಗ್‌ಗೆ ಹೇಳಿದಾಗ ಅವನು ಮೇಜು ಬಡಿದು ನಕ್ಕ. ನಿನ್ನ ಬದಲು ನಿನ್ನ ಅಮ್ಮನನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕಿತ್ತು ಎಂದ. ತಮಾಷೆಗೆ ಅಂದದ್ದು. ಆದರೆ ಅದೇ ನಿಜ.

ಈ ಕೆಲಸದಲ್ಲಿ ಕಣ್ಣು ಎಷ್ಟು ದಣಿಯುತ್ತದೆಂದು ಹೇಳಿದರೆ ಯಾರೂ ನಂಬುವುದಿಲ್ಲ. ‘ಆಟ ನೋಡೋದು ಕೆಲ್ಸಾನಾ?’ ಎಂದು ಕನ್ನಡ ಕೂಟದಲ್ಲಿ ಜನ ಹೊಟ್ಟೆಕಿಚ್ಚು ಪಡುತ್ತಿದ್ದರು. ಆಟಗಾರ ಮುಕ್ಕಾಲು ನಿಮಿಷ ಕಣಕ್ಕಿಳಿದು ಬೆಂಚಿಗೆ ವಾಪಸಾಗುತ್ತಾನೆ, ಮತ್ತೆ ಇಳಿಯುತ್ತಾನೆ. ಅಂಥ ಇಪ್ಪತ್ತೈದು ಸರದಿ ಒಂದು ಆಟಕ್ಕೆ. ಒಂದೊಂದು ಸರದಿಯನ್ನೂ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಗುರುತು ಹಾಕಬೇಕು. ಆ ಸಣ್ಣ ಊರಿನ ರಿಂಕಿನಲ್ಲಿ ಕ್ಯಾಮರಾ ಒಂದೇ, ಅದೂ ಸೂರಿನ ಹತ್ತಿರ. ಬೆನ್ನಿನ ನಂಬರು ಕಲಸಿಹೋಗಿ ಎಂಟೋ ಮೂರೋ ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಬಿಳಿ ನೆಲದ ಮೇಲೆ ಇರುವೆಗಳು ಓಡಾಡುತ್ತಿದ್ದವು.

ನವೆಂಬರ್ ಕೊನೆಗೆ ಒಂದು ಅನುಕೂಲವಾಯಿತು. ಆ ಲೀಗಿನಲ್ಲಿ ಒಂದು ಪದ್ಧತಿ ಇದೆ. ಪ್ರತಿ ತಂಡದಲ್ಲೂ ಅತಿ ಹೆಚ್ಚು ಪಾಯಿಂಟು ಗಳಿಸಿದ ಆಟಗಾರ ಬಂಗಾರದ ಬಣ್ಣದ ಹೆಲ್ಮೆಟ್ ಹಾಕಿಕೊಂಡು ಆಡಬೇಕು. ಒಂದು ಬೆಳಗ್ಗೆ ನೋಡಿದರೆ ಅದು ಎಮಿಲ್‌ನ ತಲೆಯ ಮೇಲಿತ್ತು. ಅವ್ವ ಕುರ್ಚಿಯಿಂದ ಎದ್ದೇಬಿಟ್ಟಳು.

“ಬಂಗಾರದ ಟೊಪ್ಪಿಗಿ! ನಮ್ಮಾಂವಗ ಬಂಗಾರದ ಟೊಪ್ಪಿಗಿ!”

ಅವತ್ತು ಸಿಹಿ ಇರಲಿ ಎಂದು ರವೆ ಉಂಡಿ ಕಟ್ಟಿದಳು. ನನಗೆ ಆದ ಸಂತೋಷವೇ ಬೇರೆ. ಇನ್ನು ನಂಬರು ಹುಡುಕಬೇಕಿಲ್ಲ. ಎಷ್ಟೇ ಮಸುಕಾದ ವಿಡಿಯೊದಲ್ಲೂ ಆ ಬಂಗಾರದ ಚುಕ್ಕೆ ಎದ್ದು ಕಾಣುತ್ತಿತ್ತು. ಆಟ ಮುಗಿದ ಮೇಲೆ ರೆಕಾರ್ಡಿಂಗನ್ನು ಒಂದೂವರೆಪಟ್ಟು ವೇಗದಲ್ಲಿ ಓಡಿಸಿ ಚುಕ್ಕೆಯ ಹಿಂದೆ ಹೋದರೆ ಮುಗಿಯಿತು. ಡಿಸೆಂಬರ್ ಪೂರ್ತಿ ಹಾಗೇ ಮಾಡಿದೆ. ಕೆಲಸ ಅರ್ಧ ಹೊತ್ತಿನಲ್ಲಿ ಆಗತೊಡಗಿತು, ಮಧ್ಯಾಹ್ನ ಹದಿನೈದು ನಿಮಿಷ ಅಡ್ಡಾಗುವುದೂ ಸಾಧ್ಯವಾಯಿತು.

ಜನವರಿಯಲ್ಲಿ ಮಳೆ ಹಿಡಿಯಿತು. ಒಂದಾದ ಮೇಲೊಂದು ಬಿರುಗಾಳಿ ಸಮುದ್ರದಿಂದ ಎದ್ದು ಬರುತ್ತಿದ್ದ ವಾರಗಳವು. ನಮ್ಮ ಬೀದಿಯ ಓಕ್ ಮರದ ಕೊಂಬೆ ಮುರಿದು ಪಾರ್ಕಿಂಗಿಗೆ ಬಿತ್ತು, ಎರಡು ಸಲ ಕರೆಂಟು ಹೋಯಿತು. ಅವ್ವನಿಗೆ ಜ್ವರ ಬಂತು, ಜ್ವರ ಬಿಟ್ಟ ಮೇಲೆ ಕೆಮ್ಮು ಹಿಡಿದುಕೊಂಡಿತು. ಮೂರು ವಾರ ಕೋಣೆಯಿಂದ ಹೊರಗೆ ಬರಲಿಲ್ಲ. ಗಂಜಿ, ಕಷಾಯ, ಅರ್ಜೆಂಟ್ ಕೇರ್ ಕ್ಲಿನಿಕ್ಕು, ತಾರಾಳ ಸ್ಕೂಲು, ಮಂಗಳವಾರದ ಟ್ರೇನು, ನಡುನಡುವೆ ಎಮಿಲ್. ಈಗ ನಾನು ವಿಡಿಯೊವನ್ನು ಎರಡುಪಟ್ಟು ವೇಗದಲ್ಲಿ ಓಡಿಸುತ್ತಿದ್ದೆ. ಒಂದು ಕಿವಿ ಅವ್ವನ ಕೆಮ್ಮಿನ ಕಡೆ, ಕಣ್ಣು ಬಂಗಾರದ ಚುಕ್ಕೆಯ ಮೇಲೆ. ಹೀಗೆ ಆರು ಆಟ ನೋಡಿದೆ.

ಆ ಆರು ಆಟಗಳಲ್ಲಿ ಹುಡುಗ ಬದಲಾದ ಹಾಗೆ ಕಂಡ. ಪಕ್ ಕೈತಪ್ಪಿದರೆ ಮೊದಲಿನಂತೆ ತಿರುಗಿ ಓಡುತ್ತಿರಲಿಲ್ಲ, ನೆಟ್ಟಗೆ ನಿಂತು ಸುಮ್ಮನೆ ಜಾರಿಕೊಂಡು ಬರುತ್ತಿದ್ದ. ಬಂಗಾರ ತಲೆಗೇರಿತು ಎಂದುಕೊಂಡೆ. ಜನವರಿ ಕೊನೆಯ ವರದಿಯಲ್ಲಿ ಮೂರೇ ಸಾಲು ಬರೆದೆ. ಎಮಿಲ್ ಈಗ ಹಿಂದಕ್ಕೆ ಬರುತ್ತಿಲ್ಲ. ಆರೂ ಆಟಗಳಲ್ಲಿ ಇದೇ ಕಂಡಿದೆ. ದಣಿವೋ ಧೋರಣೆಯೋ ಹೇಳಲಾರೆ.

ಮುಂದಿನ ಮಂಗಳವಾರ ಮೀಟಿಂಗಿನಲ್ಲಿ ಡಗ್ ಎಲ್ಲರೆದುರು ಆ ಮೂರು ಸಾಲನ್ನು ಓದಿ, ಹುಡುಗನ ಗೋಲುಗಳಿಗೆ ಮರುಳಾಗದೆ ನೋಡುವ ಇಂಥ ಕಣ್ಣು ಬೇಕು ಎಂದ. ಕ್ಲಬ್ಬಿನವರು ಆ ವರದಿಯನ್ನು ಎರಡು ಸಲ ತರಿಸಿಕೊಂಡು ಓದಿದರಂತೆ. ಮಾರ್ಚಿನಲ್ಲಿ ನಿನ್ನ ಖಾಯಂ ಕಾಗದ ಬರುತ್ತದೆ ಎಂದು ಮೆಟ್ಟಿಲ ಹತ್ತಿರ ಮೆಲ್ಲಗೆ ಹೇಳಿದ. ಟ್ರೇನಿನಲ್ಲಿ ಎರಡು ಗಂಟೆ ನನಗೆ ದಣಿವೇ ಕಾಣಲಿಲ್ಲ.

ಅದಾಗಿ ಎರಡು ದಿನಕ್ಕೆ ಅವ್ವ ಶಾಲು ಹೊದ್ದು, ಗೋಡೆ ಹಿಡಿದು ಬಂದು ತನ್ನ ಕುರ್ಚಿಯಲ್ಲಿ ಕೂತಳು. ಆಟ ನಡೆಯುತ್ತಿತ್ತು. ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದಳು.

“ನಮ್ಮಾಂವ ಎಲ್ಲದಾನ?”

“ಅಲ್ಲೇ ಐತಲ್ಲವ್ವಾ ಬಂಗಾರದ ಟೊಪ್ಪಿಗಿ.”

“ಟೊಪ್ಪಿಗಿ ಐತಿ. ಆದ್ರ ಇಂವ ಉಲ್ಟಾ ಹಿಡದಾನಲ್ಲ. ಇಂವ ನಮ್ಮಾಂವ ಅಲ್ಲ.”

ವಿಡಿಯೊ ನಿಲ್ಲಿಸಿದೆ. ದೊಡ್ಡದು ಮಾಡಿದೆ. ಸ್ಟಿಕ್ಕಿನ ಮೇಲ್ತುದಿಯಲ್ಲಿ ಇದ್ದದ್ದು ಬಲಗೈ. ಲೀಗಿನ ಸೈಟು ತೆಗೆದು ನೋಡಿದರೆ, ಜನವರಿಯ ಮೊದಲ ವಾರವೇ ಅದೇ ತಂಡದ ವಿಕ್ಟರ್ ಎಂಬ ಇನ್ನೊಬ್ಬ ಆಟಗಾರ ಒಂದೇ ಒಂದು ಪಾಯಿಂಟಿನಿಂದ ಎಮಿಲ್‌ನನ್ನು ದಾಟಿದ್ದ. ಪದ್ಧತಿಯಂತೆ ಹೆಲ್ಮೆಟ್ ಅವನ ತಲೆಗೆ ಹೋಗಿತ್ತು. ವಿಕ್ಟರ್‌ಗೆ ಮೂವತ್ನಾಲ್ಕು. ಮಂಡಿ ಉಳಿಸಿಕೊಂಡು ಆಡುವ ವಯಸ್ಸು, ಹಿಂದಕ್ಕೆ ಓಡದಿದ್ದರೂ ಅವನನ್ನು ಯಾರೂ ಏನೂ ಅನ್ನುವುದಿಲ್ಲ. ಆರು ಆಟ ನಾನು ನೋಡಿದ್ದು ಅವನನ್ನು, ಬರೆದದ್ದು ಎಮಿಲ್‌ನ ಹೆಸರಿಗೆ.

ಅವ್ವನಿಗೆ ಎಲ್ಲ ಹೇಳಿದೆ. ಅವಳಿಗೆ ಅದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ.

“ಈಗಿಂದೀಗ ಫೋನ್ ಹಚ್ಚು ನಿಮ್ಮ ಸಾಹೇಬಗ. ತಪ್ಪಾಗೇತಿ ಅನ್ನು. ಹುಡುಗನ ಬಾಳೇವು ಇದು.”

“ನಾಳೆ ಬೆಳಿಗ್ಗೆ ಹೇಳ್ತೇನವ್ವಾ.”

ಸಂಜೆ ಮಧುಗೆ ಹೇಳಿದೆ. ಅವನು ಮೈಸೂರಿನವನು, ಯಾವುದಕ್ಕೂ ದನಿ ಏರಿಸುವುದಿಲ್ಲ. “ಮಾರ್ಚ್ ಮುಗೀಲಿ ಕಣೆ, ಲೆಟರು ಕೈಗೆ ಬರ್ಲಿ. ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು. ಮತ್ತೆ ಆ ಎಂಟು ತಿಂಗಳು ಬೇಡ” ಎಂದ. ಅವನನ್ನು ದೂರಲಾರೆ. ಆ ಎಂಟು ತಿಂಗಳು ನನ್ನನ್ನು ಹತ್ತಿರದಿಂದ ನೋಡಿದವನು ಅವನೊಬ್ಬನೇ.

ಮಾರನೇ ದಿನ ಬೆಳಗ್ಗೆ ಚಹಾ ಕೊಡುತ್ತ ಅವ್ವ ಕೇಳಿದಳು, “ಹೇಳಿದೇನು?”

“ಹೂಂ, ಹೇಳ್ದೆ” ಎಂದೆ.

ಹೇಳಿರಲಿಲ್ಲ. ಅವ್ವ ತಲೆಯಾಡಿಸಿ ಒಳಗೆ ಹೋದಳು. ಮತ್ತೆ ಕೇಳಲಿಲ್ಲ.

ಅವತ್ತಿನಿಂದ ಒಂಬತ್ತು ದಿನ. ಪ್ರತಿ ಬೆಳಗ್ಗೆ ಡಗ್‌ನ ನಂಬರು ತೆಗೆಯುತ್ತಿದ್ದೆ, ಮುಚ್ಚುತ್ತಿದ್ದೆ. ನಡುವೆ ಒಂದು ಮಂಗಳವಾರ ಬಂತು. ಹೋಗುವಾಗ ಎರಡು ಗಂಟೆ ಟ್ರೇನಿನಲ್ಲಿ ಮಾತು ಜೋಡಿಸಿಕೊಂಡೆ. ಆಫೀಸಿನಲ್ಲಿ ಡಗ್ ನನಗೆಂದು ಒಳ್ಳೆಯ ಕುರ್ಚಿಯೊಂದನ್ನು ತರಿಸಿಟ್ಟಿದ್ದ, ಬೆನ್ನುನೋವು ಎಂದಿದ್ದೆಯಲ್ಲ ಎಂದ. ಆ ಕುರ್ಚಿಯಲ್ಲಿ ಕೂತು ಸಂಜೆಯವರೆಗೆ ಬೇರೆ ಹುಡುಗರ ಬಗ್ಗೆ ಮಾತಾಡಿ ಮನೆಗೆ ಬಂದೆ. ಇಪ್ಪತ್ತು ವರ್ಷದ ಹುಡುಗನಿಗೆ ಇನ್ನೂ ನೂರು ಅವಕಾಶ ಇರುತ್ತವೆ, ನನ್ನ ವಯಸ್ಸಿಗೆ ಎಲ್ಲಿವೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂಬತ್ತನೇ ದಿನದ ಆಟದಲ್ಲಿ ನಾನು ಬಂಗಾರದ ಚುಕ್ಕೆಯನ್ನು ಬಿಟ್ಟು, ಕೈ ನೋಡಿ ಎಮಿಲ್‌ನನ್ನು ಹುಡುಕಿಕೊಂಡೆ. ವೇಗ ಇಳಿಸಿ ನೋಡಿದೆ. ಎರಡನೇ ಅವಧಿಯಲ್ಲಿ ಅವನ ಪಕ್ ಎದುರಾಳಿಗೆ ಸಿಕ್ಕಿತು. ಅವನು ತಿರುಗಿ, ಇಡೀ ಕಣದ ಉದ್ದಕ್ಕೂ ಬೆನ್ನುಹತ್ತಿ ಬಂದು, ಗೋಲಿನ ಮುಂದೆ ಅಡ್ಡ ಬಿದ್ದ. ಪಕ್ ಅವನ ಪಾದಕ್ಕೆ ಬಡಿದು ಹೊರಗೆ ಹೋಯಿತು. ಏಳಲು ಆಗಲಿಲ್ಲ. ಕೊನೆಗೆ ಎದ್ದು ಒಂದೇ ಕಾಲಿನಲ್ಲಿ ಜಾರುತ್ತ ಬೆಂಚಿಗೆ ಬಂದ. ಕೋಚು ಅವನ ಹೆಲ್ಮೆಟ್ಟಿನ ಮೇಲೆ ಎರಡು ಸಲ ತಟ್ಟಿದ. ಮಾಮೂಲಿ ಬಿಳಿ ಹೆಲ್ಮೆಟ್ಟು. ನಾನು ಲ್ಯಾಪ್‌ಟಾಪ್ ಮುಚ್ಚಿ ಬಾಲ್ಕನಿಗೆ ಹೋಗಿ ಡಗ್‌ಗೆ ಫೋನು ಮಾಡಿದೆ. ಹೊರಗೆ ಜಿಟಿಜಿಟಿ ಮಳೆ. ಮಾತಾಡುತ್ತ ಅತ್ತೆ.

ಯಾವಾಗ ಗೊತ್ತಾಯಿತು ಎಂದು ಡಗ್ ಕೇಳಿದ. ಒಂಬತ್ತು ದಿನವಾಯಿತು ಎಂದೆ. ಅವನು ಉಸಿರು ಬಿಟ್ಟದ್ದು ಕೇಳಿಸಿತು. ಕ್ಲಬ್ಬಿನವರು ಮೊನ್ನೆ ಸೋಮವಾರ ಕೂತು ಒಪ್ಪಂದ ಮಾಡಿಕೊಳ್ಳುವವರ ಪಟ್ಟಿ ಮುಗಿಸಿದರು, ಎಮಿಲ್ ಅದರಲ್ಲಿ ಇಲ್ಲ ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಆರೂ ಆಟ ಮತ್ತೆ ನೋಡು, ಸರಿಯಾದದ್ದು ಬರೆ, ಕಳಿಸೋಣ’ ಎಂದಷ್ಟೇ ಹೇಳಿ ಇಟ್ಟ.

ಶನಿವಾರ ಭಾನುವಾರ ಕೂತು ಆರೂ ಆಟ ನೋಡಿದೆ. ಮಧು ಅಡುಗೆ ಮಾಡಿದ, ತಾರಾ ಬಾಗಿಲಲ್ಲಿ ಇಣುಕಿ “ಆರ್ ಯು ಡನ್ ಯೆಟ್, ಅಮ್ಮಾ?” ಎಂದು ಕೇಳಿ ಕೇಳಿ ಹೋದಳು. ಎಮಿಲ್ ಬಹುತೇಕ ಪ್ರತಿ ಸಲವೂ ಹಿಂದಕ್ಕೆ ಬಂದಿದ್ದ. ಡಿಸೆಂಬರಿಗಿಂತ ಜನವರಿಯಲ್ಲಿ ಅವನ ಆಟ ಮಾಗಿತ್ತು. ಬಂಗಾರ ಹೋದ ಮೇಲೆ ಇನ್ನೂ ಹೆಚ್ಚು ಓಡಿದ್ದ. ಹುಡುಗರನ್ನು ಅಲ್ಲಿ ಯಾಕೆ ಬಿಡುತ್ತಾರೆಂದು ಡಗ್ ಹೇಳಿದ್ದನ್ನು ನಾನು ಕಣ್ಣಾರೆ ಕಂಡದ್ದು ಆ ಎರಡು ದಿನಗಳಲ್ಲಿ. ತಿದ್ದಿದ ವರದಿಗೆ ಕ್ಲಬ್ಬಿನಿಂದ ಎರಡು ಸಾಲಿನ ಉತ್ತರ ಬಂತು, ಧನ್ಯವಾದ, ಗಮನಿಸಿದ್ದೇವೆ. ಬೇಸಿಗೆ ಬಂತು, ಅವರು ಅವನನ್ನು ಕೈಬಿಟ್ಟರು.

ನನ್ನ ವರದಿಯಿಂದಲೇ ಹಾಗಾಯಿತೇ? ಇಂಥ ತೀರ್ಮಾನಗಳಿಗೆ ಹತ್ತು ಕಾರಣ ಇರುತ್ತವೆ ಎಂದು ಡಗ್ ಇವತ್ತಿಗೂ ಹೇಳುತ್ತಾನೆ. ಇರಬಹುದು. ಆ ಹತ್ತರಲ್ಲಿ ಒಂದು ನನ್ನದು ಎಂಬುದರಲ್ಲಿ ಅನುಮಾನವಿಲ್ಲ. ನನ್ನ ಕೆಲಸ ಮಾತ್ರ ಉಳಿಯಿತು. ತಡವಾಗಿ ಬಂದರೂ ತಾನಾಗಿ ಬಂದು ಹೇಳಿದಳಲ್ಲ ಎಂದು ಏಪ್ರಿಲಿನಲ್ಲಿ ಖಾಯಂ ಕಾಗದ ಕೊಟ್ಟರು. ಆಫೀಸಿನಲ್ಲಿ ಹೊಸದೊಂದು ನಿಯಮ ಬಂತು. ವರದಿಯ ಮೊದಲ ಸಾಲಿನಲ್ಲಿ ಆಟಗಾರ ಯಾವ ಕೈ ಮೇಲಿಟ್ಟು ಹಿಡಿಯುತ್ತಾನೆ ಎಂದು ಬರೆಯಬೇಕು. ಹೊಸದಾಗಿ ಸೇರಿದವರು ಯಾಕೆಂದು ಕೇಳಿದರೆ, ಹಾಗೆಯೇ ಪದ್ಧತಿ ಎನ್ನುತ್ತೇನೆ.

ಅವ್ವ ಮಾರ್ಚಿನಲ್ಲೇ ಊರಿಗೆ ಹೋಗಿದ್ದಳು. ಏರ್‌ಪೋರ್ಟಿನಲ್ಲಿ ವೀಲ್‌ಚೇರಿನಲ್ಲಿ ಕೂತು, “ನಮ್ಮಾಂವನ ಸುದ್ದಿ ತಿಳಸು” ಎಂದಿದ್ದಳು. ಬೇಸಿಗೆಯಲ್ಲಿ ತಿಳಿಸಿದೆ. ಆರಿಸಲಿಲ್ಲವಂತೆ ಎಂದೆ. “ನೀ ಹೇಳಿದ್ರೂ ಆರಿಸಲಿಲ್ಲೇನು?” ಎಂದು ಕೇಳಿದಳು. ಹೂಂ ಎಂದೆ. ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿ ಎರಡು ವರ್ಷ ನನ್ನೊಳಗೇ ಕೂತಿತು. ಬೆಳಗ್ಗೆ ಹತ್ತಕ್ಕೆ ಲ್ಯಾಪ್‌ಟಾಪ್ ತೆರೆದಾಗಲೆಲ್ಲ ಪಕ್ಕದ ಖಾಲಿ ಕುರ್ಚಿ ನೋಡಲು ನನಗೆ ಆಗುತ್ತಿರಲಿಲ್ಲ, ಕೊನೆಗೆ ಅದನ್ನು ತಾರಾಳ ಕೋಣೆಗೆ ಸೇರಿಸಿದೆ.

ಇಷ್ಟೆಲ್ಲ ಆ ವಾಸನೆಯೊಂದಿಗೆ ಬಂತು. ಮಕ್ಕಳು ಕೇಕು ತಿಂದ ಮೇಲೆ ರಿಂಕಿನವರು ಸಣ್ಣ ಸ್ಟಿಕ್ಕುಗಳನ್ನು ಹಂಚಿದರು. ತಾರಾ ಒಂದನ್ನು ತೆಗೆದುಕೊಂಡು ಕಣಕ್ಕಿಳಿದಳು, ಬಲಗೈ ಮೇಲೆ, ಎಡಗೈ ಕೆಳಗೆ. ನಗು ಬಂತು. ಅವ್ವನಿಗೆ ತೋರಿಸೋಣವೆಂದು ವಿಡಿಯೊ ಕಾಲ್ ಮಾಡಿದೆ. ಹುಬ್ಬಳ್ಳಿಯಲ್ಲಿ ಭಾನುವಾರದ ಬೆಳಗು, ಅವ್ವ ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದಳು.

“ಉಲ್ಟಾ ಹಿಡದಾಳಲ್ಲ ನಿನ್ನ ಮಗಳು! ಇರ್ಲಿ ಬಿಡು, ಹೆಂಗರ ಹಿಡೀಲಿ. ಆಡ್ಲಿ.” ಆಮೇಲೆ ಕೇಳಿದಳು, “ನಮ್ಮಾಂವ ಎಲ್ಲೆ ಆಡಾಕತ್ತಾನ ಈಗ?”

“ಅದ ಊರಾಗ, ಅದ ಟೀಮಿನ್ಯಾಗ. ಈ ವರ್ಷ ಮತ್ತ ಬಂಗಾರದ ಟೊಪ್ಪಿಗಿ ಬಂದೈತಿ ಅವಗ.”

“ಶಹಬ್ಬಾಸ್” ಎಂದಳು, ನಿಧಾನವಾಗಿ.

ಆ ವಾಸನೆಯೋ, ಆ ಮಾತೋ, ಯಾವುದೆಂದು ಹೇಳಲಾರೆ. ಬಾಯಿಂದ ಬಂದುಬಿಟ್ಟಿತು. “ಅವ್ವಾ, ಅವತ್ತ ನಾ ಹೇಳಿರಲಿಲ್ಲ. ಹೇಳ್ದೆ ಅಂತ ನಿನ್ನ ಮುಂದ ಸುಳ್ಳಾಡಿದೆ. ಒಂಬತ್ತು ದಿನಾ ಬಿಟ್ಟು ಹೇಳ್ದೆ. ಅಷ್ಟರಾಗ ಮುಗಿದಿತ್ತು.”

ಅವ್ವ ಒಲೆಯ ಕಡೆ ತಿರುಗಿ ಗ್ಯಾಸು ಸಣ್ಣ ಮಾಡಿದಳು.

“ಗೊತ್ತೈತಿ. ಹೇಳಿ ಬಂದ ಮುಖಾ ಹಂಗಿರಾಂಗಿಲ್ಲ. ಒಂಬತ್ತು ದಿನಾ ಚಹಾ ಅರ್ಧಾ ಬಿಟ್ಟು ಏಳತಿದ್ದಿ. ಮತ್ತ ಬಾಲ್ಕನ್ಯಾಗ ನಿಂತು ಅತಗೊಂತ ಮಾತಾಡಿದ್ದೂ ಕೇಳೇನಿ.”

“ಮತ್ತ ಯಾಕ ಕೇಳಲಿಲ್ಲ ನನ್ನ?”

“ಕೇಳಿದ್ರ ನೀ ಅವತ್ತ ಸಾಹೇಬಗ ಹೇಳತಿದ್ದಿ, ಅದೂ ಗೊತ್ತಿತ್ತು. ಆದ್ರ ಮಧು ಹೇಳಿದ್ದ, ನೌಕರಿ ಇಲ್ಲದಾಗ ನೀ ಹೆಂಗ ಕುಂತಿರತಿದ್ದಿ ಅಂತ. ಯಾರದೋ ಮಗಾ, ನನ್ನ ಮಗಳು. ನನ್ನ ಮಗಳನ್ನ ಹಿಡಕೊಂಡೆ.” ಕಪ್ಪೊಂದನ್ನು ತೆಗೆದು ಒಲೆಯ ಪಕ್ಕ ಇಟ್ಟಳು. “ಮೂವತ್ತು ವರ್ಷ ಹುಡುಗ್ಯಾರಿಗೆ ಹೇಳಿದೆ ನಾ. ಚೆಂಡ ಹೋದ ಮ್ಯಾಲೆ ನಾವಿಬ್ಬರೂ ಸೊಂಟದ ಮ್ಯಾಲೆ ಕೈ ಇಟ್ಟು ನಿಂತಿದ್ವಿ ನೋಡು.”

ಅಲ್ಲಿ ಚಹಾ ಉಕ್ಕಿತು. ಆಮೇಲೆ ಮಾತಾಡೋಣ ಎಂದು ಅವ್ವ ಫೋನು ಇಟ್ಟಳು. ನಾನು ಕಣದ ಅಂಚಿಗೆ ಹೋಗಿ ನಿಂತು, ತಾರಾ ಹೊರಗೆ ಬರುವುದನ್ನು ಕಾದೆ. ಅವಳ ಬೂಟಿನ ಲಾಡಿ ತುಂಬ ಬಿಗಿಯಾಗಿತ್ತು, ಬಿಚ್ಚಲು ಹೊತ್ತು ಹಿಡಿಯಿತು.